ಕೆಂಪು ಪಟ್ಟಿ, ನೀಲಿ ಪಟ್ಟಿ

"ಕಾರುಗಳು ಈ ಆಟದಲ್ಲಿಲ್ಲ. ನಿಮ್ಮ ತೋಳಿನ ಪಟ್ಟಿ ಯಾವ ಬಣ್ಣದ್ದು ಅಂತ ಅವು ನೋಡೋದಿಲ್ಲ. ಕೆಂಪಿನವರು ಬೆನ್ನ ಹಿಂದೇನೇ ಇದ್ದರೂ ಸರಿ, ಸಿಗ್ನಲ್ ಬಿದ್ದಮೇಲೇ ದಾಟಿ."

ಮೆಗಾಫೋನ್ ಹಿಡಿದು ಕಟ್ಟೆಯ ಮೇಲೆ ನಿಂತ ಹುಡುಗಿ ಹೀಗೆ ಕೂಗುತ್ತಿದ್ದಾಳೆ. ತಲೆಗೆ ಹಡಗಿನ ಕಪ್ತಾನನ ಟೋಪಿ. ಅವಳ ಹಿಂದೆ ಸ್ಯಾನ್ ಫ್ರಾನ್ಸಿಸ್ಕೊದ ಫೆರಿ ಬಿಲ್ಡಿಂಗ್. 1898ರಿಂದ ಊರಿಗೆ ಹೊತ್ತು ಹೇಳುತ್ತಿರುವ ಅದರ ಗಡಿಯಾರದಲ್ಲಿ ಈಗ ಏಳು ದಾಟಿದೆ. ಶನಿವಾರ ರಾತ್ರಿ, ಶರತ್ಕಾಲ. ಕೊಲ್ಲಿಯ ಕಡೆಯಿಂದ ಬೀಸುವ ಗಾಳಿ ಸ್ವೆಟರನ್ನು ಲೆಕ್ಕಕ್ಕೇ ಇಡುತ್ತಿಲ್ಲ. ಎಂಬಾರ್ಕಡೆರೊ ಪ್ಲಾಜಾದ ತುಂಬ ಜನ: ಕಾಲೇಜು ಹುಡುಗರು, ನಡುವಯಸ್ಸಿನ ಮೇಷ್ಟ್ರ ಹಾಗೆ ಕಾಣುವವರು, ಹುಲಿಯ ವೇಷ ಹಾಕಿದವನೊಬ್ಬ, ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡೇ ಬಂದ ಹೆಂಗಸೊಬ್ಬಳು. ಎಲ್ಲರ ತೋಳಿಗೂ ನೀಲಿ ರಿಬ್ಬನ್. ಎಲ್ಲರ ಜೇಬಿನಲ್ಲೂ ಮಡಚಿಟ್ಟ ಕೆಂಪು ರಿಬ್ಬನ್.

"ಅಕ್ಕ, ಶೂ ಲೇಸಿಗೆ ಎರಡು ಗಂಟು ಹಾಕ್ಕೋ. ಆಮೇಲೆ ನನ್ನ ಹಿಂದೇನೇ ಬಾ, ಸಾಕು."

ಹೇಳುತ್ತಿರುವವನು ನನ್ನ ಸೋದರತ್ತೆಯ ಮಗ. ಇಲ್ಲಿ ಕೆಲಸಕ್ಕೆ ಬಂದು ಕೆಲವು ವರ್ಷಗಳಾದವು. ಮ್ಯಾರಥಾನ್ ಓಡುತ್ತಾನೆ, ಕೈಗೆ ಕಟ್ಟಿದ ಗಡಿಯಾರ ಅವನ ಎದೆಬಡಿತ ಎಣಿಸುತ್ತದೆ. ರಜಕ್ಕೆ ಬಂದ ಅಕ್ಕನಿಗೆ ಗೋಲ್ಡನ್ ಗೇಟ್ ಸೇತುವೆ ತೋರಿಸಿ ಸುಮ್ಮನಾಗುವ ಬದಲು ಇಲ್ಲಿಗೆ ಕರೆತಂದಿದ್ದಾನೆ.

ಆಟ ಇಷ್ಟೇ. ಕೈಗೊಂದು ನಕ್ಷೆ ಕೊಡುತ್ತಾರೆ. ಅದರಲ್ಲಿ ಊರಿನುದ್ದಕ್ಕೂ ಆರು ಚೆಕ್‌ಪಾಯಿಂಟ್. ಒಂದನೆಯದರಿಂದ ಆರನೆಯದರವರೆಗೆ ಸರದಿ ತಪ್ಪದಂತೆ ಹೋಗಿ, ಪ್ರತಿಯೊಂದರಲ್ಲೂ ಚೀಟಿಗೆ ಸಹಿ ಹಾಕಿಸಿಕೊಂಡು, ಕೊನೆ ಮುಟ್ಟಬೇಕು. ಕಾಲಲ್ಲೇ ಹೋಗಬೇಕು. ತೀರಾ ಆಗದಿದ್ದರೆ ಊರಿನ ಮ್ಯೂನಿ ಬಸ್ಸು ಹತ್ತಬಹುದು. ಸೈಕಲ್, ಕಾರು, ಟ್ಯಾಕ್ಸಿ ಕೂಡದು. ಮೊದಲೇ ಗೊತ್ತುಮಾಡಿದ ಕೆಲವರು ಕೆಂಪು ಪಟ್ಟಿ ಕಟ್ಟಿಕೊಂಡು ದಾರಿಯಲ್ಲಿ ಕಾದಿರುತ್ತಾರೆ. ಅವರು ಮುಟ್ಟಿದರೆ ನಿಮ್ಮ ನೀಲಿ ಪಟ್ಟಿ ಅವರಿಗೆ. ನೀವು ಜೇಬಿನಿಂದ ಕೆಂಪು ತೆಗೆದು ಕಟ್ಟಿಕೊಂಡು ಬೇರೆಯವರನ್ನು ಬೆನ್ನಟ್ಟಬೇಕು. ಹೀಗಾಗಿ ರಾತ್ರಿ ಬೆಳೆದಂತೆ ನೀಲಿ ಕರಗುತ್ತದೆ, ಕೆಂಪು ಹೆಚ್ಚುತ್ತದೆ. ಚೆಕ್‌ಪಾಯಿಂಟಿನ ಸುತ್ತಲಿನ ಜಾಗ ಮತ್ತು ಬಸ್ ನಿಲ್ದಾಣ, ಇವೆರಡರಲ್ಲಿ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ನಮ್ಮ ಬೀದಿಯ ಜೂಟಾಟವೇ, ಊರಿನಷ್ಟು ದೊಡ್ಡದಾಗಿ.

ಪ್ರವೇಶ ಶುಲ್ಕ ಇಲ್ಲ, ಬಹುಮಾನ ಇಲ್ಲ, ಪ್ರಾಯೋಜಕರ ಬ್ಯಾನರ್ ಇಲ್ಲ. 'ಏನಾದರೂ ಆದರೆ ನಾನೇ ಹೊಣೆ' ಎಂಬ ಕಾಗದಕ್ಕೆ ಮಾತ್ರ ರುಜು ಹಾಕಬೇಕು. ಎಸ್‌ಎಫ್‌ಝೀರೊ ಎಂಬ ಬೀದಿ ಆಟದ ಗುಂಪನ್ನು ಕಟ್ಟಿದ ಇಯಾನ್ ಕಿಜು-ಬ್ಲೇರ್, ಸ್ಯಾಮ್ ಲವೀನ್, ಶಾನ್ ಮಹಾನ್ ಎಂಬ ಮೂವರು 2006ರಲ್ಲಿ ಇದನ್ನು ಹುಟ್ಟುಹಾಕಿದರು. 'ಜರ್ನಿ ಟು ದಿ ಎಂಡ್ ಆಫ್ ದಿ ನೈಟ್' ಎಂದು ಹೆಸರಿಟ್ಟರು. ಫ್ರೆಂಚ್ ಲೇಖಕ ಸೆಲೀನ್ 1932ರಲ್ಲಿ ಬರೆದ ಕಾದಂಬರಿಗೂ ಇದೇ ಹೆಸರು. ಈ ಆಟ ಹುಟ್ಟುವ ಎರಡು ವರ್ಷ ಮುಂಚೆ ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿಗಳು ಪ್ಯಾಕ್‌ಮ್ಯಾನ್ ವಿಡಿಯೊ ಗೇಮನ್ನು ಮ್ಯಾನ್‌ಹಟನ್ನಿನ ರಸ್ತೆಗಿಳಿಸಿ ಆಡಿದ್ದರು. ಪರದೆಯೆದುರು ಕೂತು ಬೆಳೆದ ತಲೆಮಾರು ಆಟವನ್ನು ಮತ್ತೆ ಬೀದಿಗೆ ಎಳೆದು ತರುತ್ತಿದ್ದ ಕಾಲ ಅದು. ಮೂವರೂ ಆಟವನ್ನು ತಮ್ಮದೇ ಎಂದು ಬಿಗಿಹಿಡಿದು ಕೂರಲಿಲ್ಲ. ಬೇಕಾದವರು ಬೇಕಾದ ಊರಿನಲ್ಲಿ ಆಡಿಸಬಹುದು, ಆಡಿಸಿದ್ದಾರೆ ಕೂಡ.

ಮೆಗಾಫೋನ್ ಒಂದು ಸಲ ಕಿರ್ರೆಂದು ಕಿರುಚುತ್ತದೆ. ಅಷ್ಟೇ. ಇಡೀ ಪ್ಲಾಜಾ ಒಮ್ಮೆಲೇ ಚೆಲ್ಲಾಪಿಲ್ಲಿ.

ನನ್ನ ತಮ್ಮ ಕ್ಲೇ ಸ್ಟ್ರೀಟ್ ಹಿಡಿದು ನೇರ ಓಡುತ್ತಾನೆ. ಮೊದಲ ಚೆಕ್‌ಪಾಯಿಂಟ್ ಚೈನಾಟೌನಿನ ಪೋರ್ಟ್ಸ್‌ಮತ್ ಸ್ಕ್ವೇರ್. ಅದಕ್ಕೆ ಅತಿ ಹತ್ತಿರದ ದಾರಿ ಅದೇ. ಹತ್ತು ಹೆಜ್ಜೆಗೆ ನನಗೆ ಉಬ್ಬಸ. ಪಕ್ಕದಲ್ಲಿ ಎಂಬಾರ್ಕಡೆರೊ ಸೆಂಟರಿನ ಮೆಟ್ಟಿಲು ಕಾಣುತ್ತದೆ. ಈ ಕಚೇರಿ ಕಟ್ಟಡಗಳಿಗೆ ಮೇಲಂತಸ್ತಿನಲ್ಲಿ ಒಂದರಿಂದ ಇನ್ನೊಂದಕ್ಕೆ ಕಾಲುಸೇತುವೆಗಳಿವೆ, ಕೆಳಗಿನ ರಸ್ತೆಗೆ ಇಳಿಯದೆ ಹಲವು ಬ್ಲಾಕ್ ದಾಟಬಹುದು. ಹತ್ತಿ ನಡೆಯುತ್ತೇನೆ. ಮುಚ್ಚಿದ ಅಂಗಡಿಗಳು, ಮಡಚಿಟ್ಟ ಕುರ್ಚಿಗಳು, ನನ್ನದೇ ಹೆಜ್ಜೆ ಸದ್ದು.

ಕೊನೆಯ ಸೇತುವೆಯ ಮೇಲಿಂದ ಬಗ್ಗಿ ನೋಡಿದರೆ ಕೆಳಗೆ ಬ್ಯಾಟರಿ ಸ್ಟ್ರೀಟಿನ ಮೂಲೆಯಲ್ಲಿ ಇಬ್ಬರು ಕೆಂಪಿನವರು ಗೋಡೆಗೊರಗಿ ನಿಂತಿದ್ದಾರೆ. ಮ್ಯಾರಥಾನ್ ವೀರ ಸಿಗ್ನಲ್ಲಿಗೆ ಕಾಯುತ್ತ ನಿಂತಲ್ಲೇ ಕುಣಿಯುತ್ತಿದ್ದಾನೆ. ಕೂಗಿ ಹೇಳೋಣವೆಂದರೆ ನಾನು ಸಿಕ್ಕಿಬೀಳುತ್ತೇನೆ. ಹಸಿರು ದೀಪ ಬೀಳುತ್ತದೆ, ಅವನು ಹಾರುತ್ತಾನೆ, ಒಬ್ಬಳು ಎಡದಿಂದ, ಇನ್ನೊಬ್ಬ ಬಲದಿಂದ. ಮುಗಿಯಿತು. ನಗುನಗುತ್ತಲೇ ನೀಲಿ ಬಿಚ್ಚಿ ಕೊಡುವುದು ಇಲ್ಲಿಗೇ ಕಾಣುತ್ತದೆ. ಇಂಥ ರಾತ್ರಿಯಲ್ಲಿ ಮೊದಲು ಹೋಗುವವರು ಜೋರಾಗಿ ಓಡಬಲ್ಲವರೇ. ತಮ್ಮ ಕಾಲಿನ ಮೇಲೆ ನಂಬಿಕೆಯಿಟ್ಟು ನೇರ ದಾರಿ ಹಿಡಿಯುತ್ತಾರೆ. ಕಾಲಿನ ಮೇಲೆ ನಂಬಿಕೆ ಇಲ್ಲದ ನಮ್ಮಂಥವರು ಸುತ್ತುಬಳಸು ಹುಡುಕುತ್ತೇವೆ.

ಈ ಬೀದಿಗಳ ಕೆಳಗೆ ಹಡಗುಗಳಿವೆ. 1849ರಲ್ಲಿ ಚಿನ್ನದ ಆಸೆಗೆ ಬಂದವರು ಹಡಗುಗಳನ್ನು ದಡದಲ್ಲೇ ಬಿಟ್ಟು ಗಣಿಗಳತ್ತ ಓಡಿದರು. ಕೊಲ್ಲಿಯನ್ನು ಮಣ್ಣು ತುಂಬಿ ಊರು ಬೆಳೆಸಿದಾಗ ಎಷ್ಟೋ ಹಡಗುಗಳು ಅಲ್ಲೇ ಹೂತುಹೋದವು. ಕ್ಲೇ ಮತ್ತು ಸ್ಯಾನ್‌ಸಮ್ ಸ್ಟ್ರೀಟುಗಳ ಮೂಲೆಯಲ್ಲಿ ನಿಯಾಂಟಿಕ್ ಎಂಬ ಹಡಗು ಕೆಲಕಾಲ ಉಗ್ರಾಣವಾಗಿ, ಹೋಟೆಲಾಗಿ ನಡೆದಿತ್ತು. ಶನಿವಾರ ರಾತ್ರಿ ಈ ಬ್ಯಾಂಕುಗಳ ಬಡಾವಣೆಯಲ್ಲಿ ನರಪಿಳ್ಳೆ ಇಲ್ಲ. ಕಮರ್ಷಿಯಲ್ ಸ್ಟ್ರೀಟ್ ಎಂಬ ಇಕ್ಕಟ್ಟಾದ ಗಲ್ಲಿಯಲ್ಲಿ ಗೋಡೆಗಂಟಿಕೊಂಡು ಮೇಲೇರುತ್ತೇನೆ. ದೂರದಲ್ಲಿ ಯಾರೋ ಓಡುವ ಸದ್ದು ಕಟ್ಟಡಗಳಿಗೆ ಬಡಿದು ನಾಲ್ಕು ದಿಕ್ಕಿನಿಂದಲೂ ಕೇಳುತ್ತದೆ. ಈ ಊರಿಗೆ ಬಂದಾಗಿನಿಂದ ತಲೆಯೆತ್ತಿ ಗಗನಚುಂಬಿಗಳನ್ನು ನೋಡಿದ್ದೇ ನೋಡಿದ್ದು. ಈಗ ಮೇಲೆ ಏನಿದೆಯೋ ಯಾರಿಗೆ ಬೇಕು! ಕಣ್ಣೆಲ್ಲ ಬಾಗಿಲ ಸಂದು, ಕಾರಿನ ಹಿಂಬದಿ, ದೀಪವಿಲ್ಲದ ಮೂಲೆಗಳ ಮೇಲೆ.

ಪೋರ್ಟ್ಸ್‌ಮತ್ ಸ್ಕ್ವೇರ್ ತಲುಪಿದಾಗ ಅಲ್ಲಿ ಬೇರೆಯದೇ ಆಟ ನಡೆದಿದೆ. ರಟ್ಟಿನ ಡಬ್ಬವನ್ನು ಮೇಜು ಮಾಡಿಕೊಂಡು ಚೀನೀ ಅಜ್ಜಂದಿರು ಇಸ್ಪೀಟಿನಲ್ಲಿ ಮುಳುಗಿದ್ದಾರೆ. 1846ರಲ್ಲಿ ಅಮೆರಿಕದ ಬಾವುಟ ಈ ಊರಲ್ಲಿ ಮೊದಲು ಏರಿದ್ದು ಈ ಚೌಕದಲ್ಲಿ. ಅಜ್ಜಂದಿರಿಗೆ ಬಾವುಟವೂ ಬೇಡ, ಏದುಸಿರು ಬಿಡುತ್ತ ಬರುವ ನೀಲಿ ಪಟ್ಟಿಯವರೂ ಬೇಡ. ಒಬ್ಬರು ತಲೆಯೆತ್ತಿ ನೋಡಿ ಎಲೆ ಒಗೆಯುತ್ತಾರೆ. ಚಿನ್ನ ಅಗೆಯುವವನ ವೇಷದ ಸ್ವಯಂಸೇವಕ ನನ್ನ ಚೀಟಿಗೆ ಸಹಿ ಹಾಕುತ್ತಾನೆ. "ಗ್ರಾಂಟ್ ಅವೆನ್ಯೂದಲ್ಲಿ ಹೋಗಬೇಡಿ, ತುಂಬಾ ಇದ್ದಾರೆ" ಎಂದು ಪಿಸುಗುಡುತ್ತಾನೆ. ಅವನು ಹಾಗೆ ಹೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಬಿಳಿಗೂದಲಿಗೆ ಕೊಟ್ಟ ರಿಯಾಯಿತಿ ಇರಬೇಕು.

ಚೈನಾಟೌನಿನಲ್ಲಿ ನಾನು ಕಲಿತದ್ದು ನಿಧಾನ. ರಾಸ್ ಆಲಿಯಲ್ಲಿ ಮುಚ್ಚಿದ ಬಾಗಿಲುಗಳ ಹಿಂದಿನಿಂದ ಮಹಜಾಂಗ್ ಬಿಲ್ಲೆಗಳ ಸದ್ದು. ಗಲ್ಲಿಯ ಆ ತುದಿಯಲ್ಲಿ, ಜ್ಯಾಕ್ಸನ್ ಸ್ಟ್ರೀಟ್ ಬದಿಗೆ, ಕೆಂಪು ಪಟ್ಟಿ ಕಟ್ಟಿದ ತೋಳೊಂದು ಮಾತ್ರ ಕಾಣುತ್ತದೆ. ಹಿಂದೆ ಸರಿದು ಸ್ಟಾಕ್ಟನ್ ಸ್ಟ್ರೀಟಿಗೆ ಬಿದ್ದರೆ ಅಲ್ಲಿನ್ನೂ ಜನಜಂಗುಳಿ. ತರಕಾರಿ ಚೀಲ ಹೊತ್ತ ಅಜ್ಜಿಯರ ಗುಂಪೊಂದು ಬಸ್ಸಿಗೆ ಹೊರಟಿದೆ. ನಾನೂ ಅವರ ನಡುವೆ, ಅವರದೇ ನಡಿಗೆಯಲ್ಲಿ. ಎದುರಿನ ಕಾಲುದಾರಿಯಲ್ಲಿ ಇಬ್ಬರು ಕೆಂಪಿನವರು ನಿಂತು ಓಡುವವರಿಗಾಗಿ ಕಣ್ಣಾಡಿಸುತ್ತಿದ್ದಾರೆ. ನಾನು ಓಡುತ್ತಿಲ್ಲವಾದ್ದರಿಂದ ಕಾಣಿಸುವುದಿಲ್ಲ. ಪಟ್ಟಿ ಮುಚ್ಚಿಟ್ಟಿಲ್ಲ, ಹಾಗೆ ಮುಚ್ಚುವುದು ತಪ್ಪು. ಬೇಟೆಗಾರನ ಕಣ್ಣು ಬಣ್ಣಕ್ಕಿಂತ ಮೊದಲು ಚಲನೆಯನ್ನು ಹಿಡಿಯುತ್ತದೆ. ಇದನ್ನು ಕಾಡಿನ ಪುಸ್ತಕಗಳಲ್ಲಿ ಓದಿದ್ದೆ, ಬೇಟೆಯ ಜಾಗದಲ್ಲಿ ನಿಂತು ನೋಡಿರಲಿಲ್ಲ.

ಎರಡನೆಯ ಚೆಕ್‌ಪಾಯಿಂಟ್ ವಾಷಿಂಗ್ಟನ್ ಸ್ಕ್ವೇರ್, ಎದುರಿಗೆ ಎರಡು ಗೋಪುರದ ಚರ್ಚು. ಸಹಿಯೇನೋ ಬೇಗ ಆಯಿತು, ಹೊರಬೀಳುವುದೇ ಕಷ್ಟ. ಕೊಲಂಬಸ್ ಅವೆನ್ಯೂದ ಬಸ್ ನಿಲ್ದಾಣದಲ್ಲಿ ಹತ್ತು ಹದಿನೈದು ಮಂದಿ ನೀಲಿಯವರು ಒತ್ತಿಕೊಂಡು ನಿಂತಿದ್ದೇವೆ. ಐದಾರು ಕೆಂಪಿನವರು ಮೀನಂಗಡಿ ಮುಂದಿನ ಬೆಕ್ಕುಗಳ ಹಾಗೆ ಸುತ್ತ ಕೂತಿದ್ದಾರೆ. ಎರಡೂ ಕಡೆಯವರಿಗೆ ಮಾತು ಬೆಳೆಯುತ್ತದೆ. ಒಬ್ಬ ಕೆಂಪಿನವಳು ಚಿಪ್ಸ್ ಪ್ಯಾಕೆಟ್ ಮುಂದೆ ಚಾಚುತ್ತಾಳೆ. ತೆಗೆದುಕೊಳ್ಳಲು ಕೈ ನೀಡಿದ ಹುಡುಗನ ಕಾಲು ನಿಲ್ದಾಣದ ಗೆರೆ ದಾಟಿತೋ ಇಲ್ಲವೋ ಎಂದು ಜಗಳ, ನಗು, ಮತ್ತೆ ಜಗಳ. ಕೊನೆಗೆ ಅವನು ಸೋಲೊಪ್ಪಿ ಪಟ್ಟಿ ಬಿಚ್ಚುತ್ತಾನೆ. ಅಂಪೈರಿಲ್ಲದ ಆಟ ಇದು. ನೂರಾರು ಅಪರಿಚಿತರು ಕತ್ತಲಲ್ಲಿ, ಯಾರೂ ನೋಡದಿದ್ದಾಗಲೂ, ಮುಟ್ಟಿದರೆ ಮುಟ್ಟಿದ್ದೆಂದು ಒಪ್ಪಿಕೊಳ್ಳುತ್ತಾರೆ ಎಂಬ ಒಂದೇ ನಂಬಿಕೆಯ ಮೇಲೆ ನಡೆಯುತ್ತದೆ. ಆ ರಾತ್ರಿ ನಾನು ಕಂಡಷ್ಟರಲ್ಲಿ ಒಬ್ಬರೂ ಮೋಸ ಮಾಡಲಿಲ್ಲ.

ಬಸ್ಸು ಬರುತ್ತದೆ. ಕೆಂಪಿನವರ ಕಣ್ಣೆಲ್ಲ ಬಾಗಿಲಲ್ಲಿ ಮುಗಿಬಿದ್ದವರ ಮೇಲೆ. ನಾನು ಬಸ್ಸಿನ ಮರೆಯಲ್ಲೇ ಜಾರಿ ಮೇಸನ್ ಸ್ಟ್ರೀಟ್ ಸೇರುತ್ತೇನೆ. ಇಲ್ಲಿಂದ ಏರು. ಸ್ಯಾನ್ ಫ್ರಾನ್ಸಿಸ್ಕೊದ ಏರು ಎಂದರೆ ಹುಡುಗಾಟವಲ್ಲ. ಪಕ್ಕದ ರಷ್ಯನ್ ಹಿಲ್ಲಿನ ಫಿಲ್ಬರ್ಟ್ ಸ್ಟ್ರೀಟಿನ ಒಂದು ತುಂಡು ನೂರಡಿಗೆ ಮೂವತ್ತೊಂದೂವರೆ ಅಡಿ ಏರುತ್ತದೆ. ನನ್ನ ಪಾಲಿಗೆ ಬಂದದ್ದು ಅಷ್ಟು ಕಡಿದಲ್ಲ, ಆದರೂ ಮಂಡಿಗೆ ಕೈಯೂರಿ ಹತ್ತಬೇಕು. ಸಮಾಧಾನವೆಂದರೆ ಬೆನ್ನಟ್ಟುವವರ ಕಾಲೂ ಮಾಂಸ ಮೂಳೆಯದೇ. ಏರಿನಲ್ಲಿ ಇಪ್ಪತ್ತರ ಹುಡುಗನಿಗೂ ನನಗೂ ಅಂತರ ಕಡಿಮೆಯಾಗುತ್ತದೆ.

ಕಾಲ ಕೆಳಗೆ ರಸ್ತೆ ಗುಂಯ್‌ಗುಡುತ್ತಿದೆ. ಮೊದಲು ನನ್ನ ಕಿವಿಯದೇ ಸದ್ದೆಂದುಕೊಂಡೆ. ಕೇಬಲ್ ಕಾರಿನ ಉಕ್ಕಿನ ಹಗ್ಗ. ರಸ್ತೆ ನಡುವಿನ ಸೀಳಿನ ಕೆಳಗೆ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಅದು ಎಡೆಬಿಡದೆ ಓಡುತ್ತಿರುತ್ತದೆ. ಗಾಡಿ ಅದನ್ನು ಕಚ್ಚಿ ಹಿಡಿದರೆ ಚಲಿಸುತ್ತದೆ, ಬಿಟ್ಟು ಬ್ರೇಕು ಹಾಕಿದರೆ ನಿಲ್ಲುತ್ತದೆ. 1873ರಲ್ಲಿ ಆಂಡ್ರ್ಯೂ ಹ್ಯಾಲಿಡಿ ಎಂಬ ತಂತಿಹಗ್ಗದ ತಯಾರಕ ಇಂಥ ಗಾಡಿಯನ್ನು ಕ್ಲೇ ಸ್ಟ್ರೀಟಿನಲ್ಲಿ ಮೊದಲು ಓಡಿಸಿದ. ಗಾಡಿಯಿಲ್ಲದ ಹೊತ್ತಿನಲ್ಲೂ ಹಗ್ಗ ಹರಿಯುವ ಸದ್ದು ಹಗಲಿನ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ವಾಷಿಂಗ್ಟನ್ ಸ್ಟ್ರೀಟ್ ಮೂಲೆಯ ಇಟ್ಟಿಗೆ ಕಟ್ಟಡದಲ್ಲಿ ಅದನ್ನು ತಿರುಗಿಸುವ ಗಾಲಿಗಳಿವೆ. ಅದರ ಗೋಡೆಗೊರಗಿ ನಿಂತು ಉಸಿರು ಹಿಡಿಯುವಾಗ ಫೋನು ನಡುಗುತ್ತದೆ.

"ಅಕ್ಕ, ಎಲ್ಲಿದ್ದೀಯ? ಹುಷಾರಾಗಿದ್ದೀಯ ತಾನೆ?" ದನಿಯಲ್ಲಿ ಬೆಣ್ಣೆ.

"ವಾಷಿಂಗ್ಟನ್ ಸ್ಕ್ವೇರಲ್ಲಿ ಕೂತಿದ್ದೀನಿ ಕಣೋ. ಮಂಡಿ ನೋವು."

"ಅಯ್ಯೋ, ಅಲ್ಲೇ ಇರು. ಬಂದೆ."

"ನಿಧಾನವಾಗಿ ಬಾ ಮಾರಾಯ, ಅವಸರ ಇಲ್ಲ."

ಫೋನಿಟ್ಟು ಉಳಿದ ಏರನ್ನು ಇನ್ನಷ್ಟು ಹುರುಪಿನಿಂದ ಹತ್ತುತ್ತೇನೆ. ಸುಳ್ಳು ಹೇಳಿದ್ದಕ್ಕೆ ನನಗೆ ಒಂದಿಷ್ಟೂ ನಾಚಿಕೆಯಿಲ್ಲ. ಅವನ ಜೇಬಿನ ಕೆಂಪು ಈಗ ತೋಳಿಗೆ ಬಂದಿದೆ. ಅಕ್ಕ ತಮ್ಮ ಎಲ್ಲ ನಾಳೆ ಬೆಳಿಗ್ಗೆಯ ತಿಂಡಿಗೆ.

ನಾಬ್ ಹಿಲ್ಲಿನ ತುದಿಯಲ್ಲಿ ಗ್ರೇಸ್ ಕೆಥೆಡ್ರಲ್, ಮೂರನೆಯ ಚೆಕ್‌ಪಾಯಿಂಟ್. ಅದರ ಅಂಗಳದ ಕಲ್ಲುಹಾಸಿನಲ್ಲಿ ಫ್ರಾನ್ಸಿನ ಶಾರ್ತ್ರ್ ಚರ್ಚಿನ ಮಾದರಿಯ ಸುತ್ತುದಾರಿಯೊಂದನ್ನು ಮೂಡಿಸಿದ್ದಾರೆ. ನಮ್ಮಲ್ಲಿ ಚಕ್ರವ್ಯೂಹದ ಕೋಟೆ ಎಂದು ಬರೆಯುತ್ತಾರಲ್ಲ, ಅದರ ಬಳಗದ್ದು. ಇಲ್ಲಿ ಸಹಿ ಬೇಕಾದರೆ ಆ ದಾರಿಯನ್ನು ಕೇಂದ್ರದವರೆಗೆ ಒಂದೂ ಗೆರೆ ತುಳಿಯದೆ ನಡೆಯಬೇಕು. ಓಡಿ ಬಂದವರು ಚಡಪಡಿಸುತ್ತಾರೆ. ಒಬ್ಬರ ಹಿಂದೊಬ್ಬರು, ಮಾತಿಲ್ಲದೆ, ಪ್ರದಕ್ಷಿಣೆ. ಆಟ ಆಡಿಸುವವರು ಬುದ್ಧಿವಂತರು. ಎದೆಬಡಿತ ಇಳಿಯುವಷ್ಟು ಹೊತ್ತು ನಮ್ಮನ್ನು ಹಿಡಿದಿಟ್ಟಿದ್ದಾರೆ. ಮುಂದಿನ ದಾರಿಗೆ ತಣ್ಣಗಿನ ತಲೆ ಬೇಕಾಗಿತ್ತು.

ಮುಂದಿನ ದಾರಿ ಟೆಂಡರ್‌ಲಾಯಿನ್ ಬಡಾವಣೆಯದು. ಟೇಲರ್ ಸ್ಟ್ರೀಟಿನಲ್ಲಿ ಇಳಿಯುತ್ತ ಹೋದಂತೆ ಐಷಾರಾಮಿ ಹೋಟೆಲುಗಳು ಮುಗಿದು ಒಂದೊಂದೇ ಕೋಣೆಯ ಹಳೆಯ ಬಾಡಿಗೆ ಹೋಟೆಲುಗಳು ಶುರುವಾಗುತ್ತವೆ. ಎರಡಕ್ಕೂ ನಡುವೆ ಹೆಚ್ಚೆಂದರೆ ಹತ್ತು ನಿಮಿಷದ ನಡಿಗೆ. ಕಾಲುದಾರಿಯ ಮೇಲೆ ಡೇರೆಗಳು, ಮಲಗಿದವರು, ಮಲಗಲಾರದೆ ತಮ್ಮೊಳಗೇ ಮಾತಾಡಿಕೊಳ್ಳುವವರು. 'ಇಲ್ಲಿ ಓಡಬೇಡಿ, ಕೂಗಬೇಡಿ, ಇದು ಜನರ ಮನೆ' ಎಂದು ನಕ್ಷೆಯ ಅಂಚಿನಲ್ಲೇ ಅಚ್ಚು ಹಾಕಿದ್ದಾರೆ. ಒಳ್ಳೆಯ ಮಾತೇ. ಆದರೂ ಊಟವಾಗಿ ಬೆಚ್ಚಗೆ ಉಟ್ಟು ಬಂದ ನಾವು, ಬೀದಿಯಲ್ಲೇ ಬಾಳುವವರ ನಡುವೆ ಅಪಾಯದ ಆಟ ಆಡುತ್ತ ಹಾಯುವುದು ನನಗೆ ಸರಿಬರಲಿಲ್ಲ. ನಾನು ಆಡಿಸುವವಳಾಗಿದ್ದರೆ ನಕ್ಷೆಯಲ್ಲಿ ಈ ಬಡಾವಣೆಯನ್ನು ಬಿಟ್ಟು ದಾರಿ ಎಳೆಯುತ್ತಿದ್ದೆ.

ಬೆಟ್ಟದ ಮೇಲಿಂದ ನನ್ನ ಜೊತೆಗೆ ಓಕ್‌ಲ್ಯಾಂಡಿನ ಕರಿಯ ಯುವಕನೊಬ್ಬ ಬಂದಿದ್ದಾನೆ. ಚುರುಕು ಕಣ್ಣಿನವನು, ಕೆಂಪಿನವರನ್ನು ನನಗಿಂತ ಮೊದಲು ಗುರುತಿಸುತ್ತಾನೆ. ಗಿಯರಿ ಸ್ಟ್ರೀಟಿನ ಹತ್ತಿರ ಪೊಲೀಸ್ ಕಾರೊಂದು ನಿಂತಿದೆ. ಅದೇ ಹೊತ್ತಿಗೆ ಹಿಂದಿನಿಂದ ಕೆಂಪಿನವರಿಬ್ಬರು. ನಾನು ಓಟಕ್ಕೆ ಅಣಿಯಾದರೆ ಅವನು ನಡಿಗೆಯನ್ನು ಇನ್ನಷ್ಟು ನಿಧಾನಿಸುತ್ತಾನೆ. ಜೇಬಿನಿಂದ ಕೈ ಹೊರತೆಗೆಯುತ್ತಾನೆ. "ನೀವು ಓಡಿ. ನಾನು ಪೊಲೀಸರ ಮುಂದೆ ಓಡೋದಿಲ್ಲ" ಎನ್ನುತ್ತಾನೆ, ಹವಾಮಾನದ ವಿಷಯ ಹೇಳಿದಷ್ಟು ಸಹಜವಾಗಿ. ಓಡುತ್ತೇನೆ. ತಿರುಗಿ ನೋಡಿದಾಗ ಕೆಂಪಿನವರು ಅವನ ತೋಳು ಮುಟ್ಟುತ್ತಿದ್ದಾರೆ. ಮೂವರೂ ಕಾರಿನ ಪಕ್ಕದಲ್ಲೇ ಸಾವಕಾಶವಾಗಿ ನಡೆದು ಬರುತ್ತಿದ್ದಾರೆ. ಎಲ್ಲರಿಗೂ ಒಂದೇ ನಿಯಮ ಎಂದು ಮೆಗಾಫೋನಿನಲ್ಲಿ ಹೇಳಿದ್ದರು. ಊರಿನ ನಿಯಮ ಬೇರೆಯೇ ಇದೆ.

ಆ ಓಟದಲ್ಲಿ ಎಲ್ಲಿ ತಿರುಗಿದೆನೋ, ನೆರಳಲ್ಲಿರುವ ಒಂದು ಹೋಟೆಲ್ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದೇನೆ. ಗಾಜಿನಾಚೆ ಕೌಂಟರಿನಲ್ಲಿ ಒಬ್ಬ ಮುದುಕಿ, ಹತ್ತಿಯ ಸೀರೆ, ಮೇಲೆ ಉಲ್ಲನ್ ಸ್ವೆಟರು, ಗೋಡೆಯ ಮೇಲೆ ಸ್ವಾಮಿನಾರಾಯಣನ ಕ್ಯಾಲೆಂಡರ್. ಗುಜರಾತಿ ಪಟೇಲರು 1940ರ ದಶಕದಿಂದ ಈ ಊರಿನ ಸಣ್ಣ ಹೋಟೆಲುಗಳನ್ನು ಒಂದೊಂದಾಗಿ ವಹಿಸಿಕೊಂಡವರು. ಮುದುಕಿ ಬಾಗಿಲು ತೆರೆದು ನನ್ನ ಮಣಿಕಟ್ಟು ಹಿಡಿದು ಒಳಗೆಳೆಯುತ್ತಾರೆ. "ಕೌನ್ ಪೀಛೆ ಪಡಾ ಹೈ ಬೇಟಿ? ಪೊಲೀಸ್ ಕೋ ಬುಲಾವೂಂ?" ಕೈಯಲ್ಲಿ ಆಗಲೇ ಫೋನು.

ಆಟ ಎಂದು ನನ್ನ ಹರಕು ಹಿಂದಿಯಲ್ಲಿ ವಿವರಿಸಲು ಹೊರಡುತ್ತೇನೆ. ಪಟ್ಟಿ ತೋರಿಸುತ್ತೇನೆ, ಚೀಟಿ ತೋರಿಸುತ್ತೇನೆ. ಅವರು ನನ್ನ ಮುಖವನ್ನೇ ನೋಡುತ್ತಾರೆ. ರಾತ್ರಿ ಹೊತ್ತು ಹೆಂಗಸು ಓಡುತ್ತಿದ್ದಾಳೆಂದರೆ ಅವರಿಗೆ ಗೊತ್ತಿರುವ ಅರ್ಥ ಒಂದೇ. ನನಗೆ ಗೊತ್ತಿದ್ದದ್ದೂ ಈ ಸಂಜೆಯವರೆಗೆ ಅದೊಂದೇ. ಕತ್ತಲಾದ ಮೇಲೆ ಯಾವ ರಸ್ತೆ, ಎಷ್ಟು ಹೊತ್ತು, ಯಾರ ಜೊತೆ ಎಂದು ಎಣಿಸಿಯೇ ಹೊಸಿಲು ದಾಟುವ ಅಭ್ಯಾಸ ನನ್ನದು. ಬೆನ್ನ ಹಿಂದಿನ ಹೆಜ್ಜೆಯನ್ನು ಕೇಳಿಸಿಕೊಳ್ಳುವುದು, ಬೀದಿದೀಪದಿಂದ ಬೀದಿದೀಪಕ್ಕೆ ಲೆಕ್ಕ ಹಾಕುವುದು, ಜನರಿರುವ ಬದಿಗೆ ಸರಿಯುವುದು, ಇವೆಲ್ಲ ಹುಡುಗರು ಈ ರಾತ್ರಿ ಹೊಸದಾಗಿ ಕಲಿಯುತ್ತಿರುವ ವಿದ್ಯೆಗಳು. ಹೆಂಗಸರು ಕಲಿತೇ ಬಂದಿರುತ್ತೇವೆ. ಇವತ್ತು ಅದೇ ವಿದ್ಯೆ ಮೊದಲ ಬಾರಿಗೆ ಮೋಜಿಗೆ ಬಳಕೆಯಾಗುತ್ತಿದೆ. ಸಿಕ್ಕಿಬಿದ್ದರೆ ಹೋಗುವುದು ಒಂದು ರಿಬ್ಬನ್, ಅಷ್ಟೇ.

ಮುದುಕಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನೀರು ಕೊಟ್ಟರು. "ಖೇಲ್? ಇಸ್ ಉಮರ್ ಮೇಂ?" ಎಂದು ಗದರಿಸಿ, ತಾವೇ ಬಾಗಿಲಾಚೆ ತಲೆ ಹಾಕಿ ಎರಡೂ ಕಡೆ ನೋಡಿ, "ಜಾವೋ" ಎಂದರು.

ಸಿವಿಕ್ ಸೆಂಟರಿನಲ್ಲಿ ನಾಲ್ಕನೆಯ ಸಹಿ. ಅದಾದಮೇಲೆ ಮಾರ್ಕೆಟ್ ಸ್ಟ್ರೀಟ್ ದಾಟಬೇಕು. ಊರನ್ನು ಓರೆಯಾಗಿ ಸೀಳಿಕೊಂಡು ಹೋಗುವ ಈ ರಸ್ತೆಯನ್ನು 1847ರಲ್ಲಿ ಜ್ಯಾಸ್ಪರ್ ಓಫ್ಯಾರೆಲ್ ಎಂಬ ಸರ್ವೇಯರ್ 120 ಅಡಿ ಅಗಲಕ್ಕೆ ಗುರುತು ಹಾಕಿದ. ಎರಡು ಬದಿಯ ಬೀದಿಗಳು ಒಂದಕ್ಕೊಂದು ಹೊಂದುವುದಿಲ್ಲ. ಈ ಬದಿಯ ರಸ್ತೆ ಆ ಬದಿಗೆ ಮುಂದುವರಿಯುತ್ತದೆಂದು ನಂಬಿ ಓಡಿದವರು ದೀಪದ ಬೆಳಕಿನಲ್ಲಿ ದಿಕ್ಕೆಟ್ಟು ನಿಲ್ಲುತ್ತಾರೆ. ಕೆಂಪಿನವರಿಗೆ ಅಷ್ಟು ಸಾಕು. ನಾನು ಬೈಸಿಕಲ್ ತಳ್ಳಿಕೊಂಡು ದಾಟುತ್ತಿದ್ದ ಒಬ್ಬನ ಬಗಲಲ್ಲಿ ಹರಟುತ್ತ ದಾಟಿದೆ. ಅವನಿಗೆ ಸ್ವಲ್ಪ ಗಾಬರಿಯಾಯಿತು.

ಫ್ರೀವೇಯ ಕಂಬಗಳ ಕೆಳಗಿನ ಕತ್ತಲು, ತಲೆಯ ಮೇಲೆ ಕಾರುಗಳ ಗುಡುಗು, ಅದಾದ ಮೇಲೆ ಮಿಶನ್ ಬಡಾವಣೆಯ ಬೆಳಕು, ಟಾಕೊ ಅಂಗಡಿಗಳ ಹೊಗೆ, ಸ್ಪ್ಯಾನಿಷ್ ಹಾಡು. ಐದನೆಯ ಚೆಕ್‌ಪಾಯಿಂಟ್ ಕ್ಲಾರಿಯನ್ ಆಲಿ, 1992ರಿಂದ ಕಲಾವಿದರು ಗೋಡೆ ಬಿಡದೆ ಚಿತ್ರ ಬರೆದಿರುವ ಗಲ್ಲಿ. ಅದರ ಬಾಯಿ ಕಾಣುತ್ತಿದೆ. ಕಾಲುದಾರಿಯ ಅಂಚಿನಲ್ಲಿ ಕೂತು ಒಬ್ಬ ಹುಡುಗಿ ಅಳುತ್ತಿದ್ದಾಳೆ, ಹೆಗಲು ಕುಲುಕುತ್ತಿದೆ. ಇಂಥದ್ದನ್ನು ದಾಟಿ ಹೋಗುವಂತೆ ನಮ್ಮನ್ನು ಬೆಳೆಸಿಲ್ಲವಲ್ಲ! ಬಗ್ಗಿ "ಏನಾಯಿತು?" ಎನ್ನುತ್ತೇನೆ. ಅವಳು ತಲೆಯೆತ್ತಿ ನಗುತ್ತಾಳೆ. ಮೊಣಕಾಲ ಮೇಲೆ ಮಡಚಿಟ್ಟ ತೋಳನ್ನು ಬಿಡಿಸಿದರೆ ಕೆಂಪು ಪಟ್ಟಿ. ಮುಚ್ಚಿಟ್ಟಿರಲಿಲ್ಲ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಸತ್ತ ಮೇಲಿನ ಬಾಳು ಬೇರೆ ರೀತಿಯದು. ಕೆಂಪು ಕಟ್ಟಿಕೊಂಡ ಮರುಕ್ಷಣ ಭುಜಗಳು ಸಡಿಲವಾಗುತ್ತವೆ. ರಸ್ತೆಯ ನಡುವೆ, ದೀಪದ ಕೆಳಗೆ, ತಲೆಯೆತ್ತಿ ನಡೆಯುತ್ತೇನೆ. ಅದೇ ಬೀದಿ, ಅದೇ ಹೊತ್ತು. ಹೆದರಿಕೆ ಈಗ ಇನ್ನೊಬ್ಬರ ಕೆಲಸ. ಇಷ್ಟು ಸುಲಭವಾಗಿ ಕಳಚುತ್ತದೆಯೆಂದು ಗೊತ್ತಿರಲಿಲ್ಲ. ಆದರೆ ಬೆನ್ನಟ್ಟುವುದರಲ್ಲಿ ಬೇಸರವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬಹುಪಾಲು ಕಾಯುವುದೇ. ವ್ಯಾಲೆನ್ಸಿಯ ಸ್ಟ್ರೀಟಿನ ಮೂಲೆಯಲ್ಲಿ ನಿಂತು ನಿಂತು ಕಾಲು ಮರಗಟ್ಟಿದ ಮೇಲೆ, ಕಣ್ಣೆದುರೇ ನುಸುಳಿದ ಹುಲಿ ವೇಷದವನನ್ನು ಮುಟ್ಟಿದೆ. ಬಾಲ ಸಿಕ್ಕಿತು. ಬಾಲ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಒಂದಿಷ್ಟು ಚರ್ಚೆ. ಬರುತ್ತದೆಂದು ಅವನೇ ತೀರ್ಪು ಕೊಟ್ಟ.

ಕೊನೆಯ ಚೆಕ್‌ಪಾಯಿಂಟಾದ ಗೋದಾಮಿನಲ್ಲಿ ಬಿಸಿ ಚಾಕೊಲೇಟು, ಯಾರದೋ ಗಿಟಾರು. ನೀಲಿ ಪಟ್ಟಿಯಲ್ಲೇ ಕೊನೆ ಮುಟ್ಟಿದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬಳು ಆ ಬ್ಯಾಂಡೇಜಿನ ಹೆಂಗಸು. ಪೂರ್ತಿ ದಾರಿ ನಡೆದೇ ಬಂದಳಂತೆ. ನನ್ನ ತಮ್ಮ ಸೊಂಟಕ್ಕೆ ನೀಲಿ ರಿಬ್ಬನ್ನುಗಳ ಗೊಂಚಲು ಕಟ್ಟಿಕೊಂಡು ಕೂತಿದ್ದಾನೆ.

"ವಾಷಿಂಗ್ಟನ್ ಸ್ಕ್ವೇರಲ್ಲಿ ಅರ್ಧ ಗಂಟೆ ಹುಡುಕಿದೆ ಕಣೇ ಅಕ್ಕ."

"ಪಾರ್ಕಿನ ಗಾಳಿ ಒಳ್ಳೇದು ಕಣೋ."

ಮನೆಗೆ ನಡೆಯುತ್ತ ಅವನು ಕರಗದ ಮಾತು ತೆಗೆದ. ಚಿಕ್ಕವನಿದ್ದಾಗ ಅವನಪ್ಪ ಹೆಗಲ ಮೇಲೆ ಹೊತ್ತು ಬೆಂಗಳೂರಿನ ಪೇಟೆಗೆ ಕರೆದೊಯ್ಯುತ್ತಿದ್ದರು. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟರೆ, ಕತ್ತಿ ಹಿಡಿದ ವೀರಕುಮಾರರು ಅದರ ಜೊತೆ ಓಡುತ್ತಾರೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಪೇಟೆಯ ಬೀದಿಬೀದಿ ಸುತ್ತಿ ಬರುವಾಗ ಬೆಳಗಾಗುತ್ತದೆ. ಹೆಂಗಸರು, ಮಕ್ಕಳು, ಮುದುಕರು, ಎಲ್ಲರೂ ರಾತ್ರಿಯಿಡೀ ಬೀದಿಯಲ್ಲೇ. ಅಂದರೆ ಒಂದು ಊರು ಇಡೀ ರಾತ್ರಿ ಕಾಲ್ನಡಿಗೆಯಲ್ಲಿ ಎಚ್ಚರವಿರುವುದು ನಮಗೆ ಹೊಸದೇನಲ್ಲ. ಉಳಿದ ರಾತ್ರಿಗಳನ್ನು ನಾವೇ ಬೀಗ ಹಾಕಿಟ್ಟಿದ್ದೇವೆ. ಬೆಂಗಳೂರಿನಲ್ಲಿ 2003ರಲ್ಲಿ ಶುರುವಾದ ಬ್ಲ್ಯಾಂಕ್ ನಾಯ್ಸ್ ಬಳಗದ ಹೆಂಗಸರು ಉದ್ಯಾನದ ಹುಲ್ಲಿನ ಮೇಲೆ ಹಗಲು ನಿದ್ದೆ ಮಾಡಿ, ಈ ಜಾಗ ನಮ್ಮದೂ ಹೌದು ಎಂದು ತೋರಿಸಿದ್ದಾರೆ. ಮಲಗಿದ್ದಾಯಿತು, ಓಡುವುದು ಬಾಕಿ.

ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳಿಗಿಂತ ಒಳ್ಳೆಯ ಆಟದ ಅಂಗಳ ಎಲ್ಲಿ ಸಿಗುತ್ತದೆ? ಅಂಗಡಿಗಳು ಮುಚ್ಚಿದ ಒಂದು ಭಾನುವಾರ ರಾತ್ರಿ ಸಾಕು. ಬಸವನಗುಡಿಯಾದರೂ ಆದೀತು, ಮೈಸೂರಿನ ಅಗ್ರಹಾರವಾದರೂ ಆದೀತು, ಧಾರವಾಡದ ಏರಿಳಿತದ ಓಣಿಗಳಾದರಂತೂ ಕೇಳುವುದೇ ಬೇಡ. ಬೇಕಾದದ್ದು ಎರಡು ಬಣ್ಣದ ರಿಬ್ಬನ್, ಜೆರಾಕ್ಸ್ ಮಾಡಿಸಿದ ನಕ್ಷೆ, ನಿದ್ದೆಗೆಡಲು ಒಪ್ಪುವ ಹತ್ತಿಪ್ಪತ್ತು ಸ್ವಯಂಸೇವಕರು. ಠಾಣೆಗೆ ಮುಂಚೆಯೇ ಕಾಗದ ಕೊಟ್ಟಿರಬೇಕು. ಬೀದಿಯಲ್ಲಿ ಮಲಗುವವರ ಜಾಗಗಳನ್ನು ದಾರಿಯಿಂದ ಹೊರಗಿಡಬೇಕು. ಫುಟ್‌ಪಾತಿನ ಚಪ್ಪಡಿ ಎಲ್ಲೆಲ್ಲಿ ಬಾಯಿ ತೆರೆದಿದೆಯೆಂದು ಹಗಲಲ್ಲೇ ಒಮ್ಮೆ ನಡೆದು ಗುರುತು ಹಾಕಿಕೊಂಡರೆ ಕಾಲು ಉಳಿಯುತ್ತದೆ. ಓದುವವರಲ್ಲಿ ಯಾರಾದರೂ ಮನಸ್ಸು ಮಾಡಿ. ಚೆಕ್‌ಪಾಯಿಂಟಿನಲ್ಲಿ ಕೂತು ಸಹಿ ಹಾಕಲು ಜನ ಸಾಲದಿದ್ದರೆ ನಾನು ಬರುತ್ತೇನೆ.